ಶಾಲೆಯ ಜಗಲಿಯಲ್ಲಿ ಕೂತ ದಿನಗಳು

ಎಂಟನೇ ತಿಂಗಳಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗು ಹೋಯಿತು. ನೋವು ಶುರುವಾದಾಗ ಮೂರನೇ ಕ್ಲಾಸಿನ ಮಗಳು ಕೊಪ್ಪದ ಶಾಲೆಯಲ್ಲಿದ್ದಳು. ಹೇಳಿದರೆ ಅಳುತ್ತಾಳೆಂದು ನನ್ನನ್ನು ಹಾಗೇ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಸಂಜೆ ಬಂದವಳಿಗೆ ಅತ್ತೆ, “ಅಮ್ಮ ನರಸಿಂಹರಾಜಪುರದ ಅಜ್ಜಿಮನೆಗೆ ಹೋಗಿದ್ದಾಳೆ,” ಎಂದರಂತೆ. ಮಕ್ಕಳ ಕಣ್ಣು ತಪ್ಪಿಸಿ ಹೊರಡುವುದು ನಮ್ಮ ಮನೆಗಳಲ್ಲಿ ಜಾಣತನ. ನಾನೂ ಎಷ್ಟೋ ಸಲ ಹಿತ್ತಲ ಬಾಗಿಲಿಂದ ಹೋಗಿ ಬಸ್ ಹಿಡಿದವಳೇ.

ಹತ್ತು ದಿನ ಬಿಟ್ಟು ಬರಿಗೈಯಲ್ಲಿ ಬಂದೆ. ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಅಳುವೂ ಬರಲಿಲ್ಲ, ಒಳಗೆಲ್ಲ ಮರಗಟ್ಟಿತ್ತು. ಬಡಿಸಿದರೆ ಉಣ್ಣುತ್ತಿದ್ದೆ, ಅಷ್ಟೆ. ಮರುದಿನದಿಂದ ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶಾಲೆಯ ವ್ಯಾನ್ ಹೋದ ಮೇಲೆ ನೋವಿಲ್ಲ. ಡಾಕ್ಟರು ಏನೂ ತೊಂದರೆಯಿಲ್ಲ ಅಂದರು.

“ಇನ್ನೊಂದ್ಸಲ ಅಕ್ಷರಾಭ್ಯಾಸ ಮಾಡಿಸ್ಕೊಂಡು ಬರಾಣ ಮಾರಾಯ್ತಿ,” ಎಂದು ಅತ್ತೆ ಹೊರಟೇಬಿಟ್ಟರು. ಶೃಂಗೇರಿಯಲ್ಲಿ ಮೂರು ವರ್ಷದ ಪುಟಾಣಿಗಳ ಸಾಲಿನಲ್ಲಿ ಎಂಟು ವರ್ಷದ ನನ್ನ ಮಗಳು ಮುದುಡಿ ಕೂತಳು. ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸಿದರು. ಪುಟಗಟ್ಟಲೆ ಬರೆಯಬಲ್ಲ ಹುಡುಗಿ ತಲೆ ಎತ್ತಲಿಲ್ಲ. ಎಂಥ ಬುದ್ಧಿವಂತರು ನಾವು! ಬೇಡ ಅನ್ನಬೇಕಿತ್ತು ನಾನು. ಅಂದಿನಿಂದ ಅವಳು ಪೆನ್ಸಿಲ್ ಕೂಡ ಮುಟ್ಟಲಿಲ್ಲ.

ಕೊನೆಗೆ ಅವಳ ಟೀಚರೇ ಮನೆಗೆ ಬಂದರು. “ಅವ್ಳಿಗೆ ಶಾಲೆ ಭಯ ಅಲ್ಲ. ವಾಪಸ್ ಬರೋವಾಗ ನೀವು ಇರಲ್ಲ ಅಂತ ಭಯ. ನೀವೇ ಬಂದು ಜಗಲೀಲಿ ಕೂತ್ಕೊಳಿ. ಹೇಳದೆ ಮಾತ್ರ ಏಳ್ಬೇಡಿ.”

ಕೂತೆ. ಮೊದಲ ವಾರ ಇಡೀ ದಿನ, ಆಮೇಲೆ ಊಟದ ಬೆಲ್ಲಿನವರೆಗೆ, ಆಮೇಲೆ ಪ್ರಾರ್ಥನೆ ಮುಗಿಯುವವರೆಗೆ. ಶಾಲೆಯ ಅಡುಗೆಯಾಕೆ ಕೊಟ್ಟ ಸೊಪ್ಪು ಬಿಡಿಸುತ್ತಿದ್ದೆ. ಕಿಟಕಿಯಿಂದ ಮಗಳು ನನ್ನನ್ನು ನೋಡುತ್ತಿದ್ದಳು, ನಾನು ಸೊಪ್ಪು ನೋಡುತ್ತಿದ್ದೆ. ಏಳುವಾಗ ಕ್ಲಾಸಿನ ಬಾಗಿಲಿಗೆ ಹೋಗಿ, “ಮನೆಗೆ ಹೋಗ್ತೀನಿ, ಸಂಜೆ ವ್ಯಾನ್ ಹತ್ರ ಇರ್ತೀನಿ,” ಎನ್ನಬೇಕು. ಅವಳು ಹೂಂ ಅಂದ ಮೇಲೇ ಹೊರಡಬೇಕು.

ಗೇಟಿನಲ್ಲೇ ಬಿಟ್ಟು ಬರಬೇಕಾದ ದಿನವೂ ಬಂತು. ಹೇಳಬೇಕಾದ್ದನ್ನು ಹೇಳಿದೆ. ಅವಳು ಹೂಂ ಅನ್ನಲಿಲ್ಲ.

“ಪಾಪು ನಿಂಗೆ ಹೇಳಿ ಹೋಯ್ತಾ ಅಮ್ಮ?”

ಆ ಮಗುವಿನ ಬಗ್ಗೆ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು.

“ಇಲ್ಲ,” ಎಂದೆ.

ಅವಳು ಬ್ಯಾಗು ಸರಿಮಾಡಿಕೊಂಡು ಒಳಗೆ ನಡೆದಳು. ಅವತ್ತು ನಾನು ಜಗಲಿಯಲ್ಲಿ ಕೂರಬೇಕಾಗಿರಲಿಲ್ಲ. ಊಟದ ಬೆಲ್ ಆಗುವವರೆಗೂ ಕೂತೇ ಇದ್ದೆ.