ಬೀಗರು ಒಂದು ಬದಾಮ ಹೇಳಿದ ಮೇಲೆ

ನನ್ನ ಗಂಡನಿಗೆ ಬ್ರಿಡ್ಜ್ ಆಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೆನ್ನಾಗಿಯೇ ಬರುತ್ತದೆ, ಅದೇ ನನ್ನ ಸಂಕಟ. ಬಾರದವರ ಜೊತೆ ಆಡಿ ಸೋತರೆ ನಮ್ಮ ಹಣೆಬರಹ ಎಂದು ಸುಮ್ಮನಿರಬಹುದು. ಎಲ್ಲ ಬಲ್ಲವರು, ಕೈತುಂಬ ಎಕ್ಕ-ರಾಜರನ್ನು ಹಿಡಿದುಕೊಂಡು, ಎದುರಿಗೆ ಕುಳಿತ ಹೆಂಡತಿಯ ಕಣ್ಣು ತಪ್ಪಿಸಿ, 'ಪಾಸ್' ಎಂಬ ಹಸಿರು ಚೀಟಿ ತೆಗೆದು ಟೇಬಲ್ಲಿನ ಮೇಲಿಟ್ಟರೆ ಏನು ಮಾಡುವುದು?

ಇವರು ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ವಿಭಾಗದಲ್ಲಿದ್ದಾರೆ. ನಾನು ಅಥಣಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮದುವೆಯಾದ ಹೊಸತರಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಸಂಜೆ ಆಫೀಸರುಗಳ ಕ್ಲಬ್ಬಿನಲ್ಲಿ ಬ್ರಿಡ್ಜ್ ನಡೆಯುತ್ತಿತ್ತು. ಆ ಆಟಕ್ಕೆ ನಾಲ್ವರು ಬೇಕೇ ಬೇಕು. ಒಬ್ಬರು ಬರದಿದ್ದ ದಿನ ಇವರು ಮನೆಗೆ ಓಡಿ ಬಂದು, "ಏ, ಏಳ್ ಏಳ್, ಕೈ ಕಮ್ಮಿ ಬಿದ್ದೈತಿ" ಎಂದು ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಹಾಗೆ ಕಲಿತೆ. ಕಲಿತ ಮೇಲೂ ಬಹಳ ವರ್ಷ ನಾನು ಕಮ್ಮಿ ಬಿದ್ದ ಕೈಯಾಗಿಯೇ ಉಳಿದೆ. ಈಕೆಯೇ ಬೇಕು ಎಂದು ಹೆಸರು ಹಿಡಿದು ನನ್ನನ್ನು ಯಾರೂ ಕರೆಯಲಿಲ್ಲ.

ಈಗ ಅಥಣಿಯಲ್ಲೇ ಮನೆ ಮಾಡಿದ್ದೇವೆ. ಊರಿನ ಕ್ಲಬ್ಬಿನಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಆಟ. ಸುತ್ತಲಿನ ಊರುಗಳಿಂದಲೂ ಆಡುವವರು ಬರುತ್ತಾರೆ. ವರ್ಷಕ್ಕೊಮ್ಮೆ ಎರಡು ಜೋಡಿಗಳನ್ನು ಆರಿಸಿ ಸಾಂಗ್ಲಿಯ ಪಂದ್ಯಕ್ಕೆ ಕಳಿಸುತ್ತಾರೆ. ನಮ್ಮ ಕ್ಲಬ್ಬಿನಿಂದ ಅಲ್ಲಿಗೆ ಅದುವರೆಗೆ ಒಬ್ಬ ಹೆಂಗಸೂ ಹೋಗಿರಲಿಲ್ಲ. ನನಗೆ ಹೋಗಬೇಕಿತ್ತು. ಮುಚ್ಚುಮರೆ ಏಕೆ, ಬಹಳ ಹೋಗಬೇಕಿತ್ತು. ಅದೂ ಒಬ್ಬಳೇ ಅಲ್ಲ, ಇವರ ಜೋಡಿಯಾಗಿ. ಇಷ್ಟು ವರ್ಷ ಎದುರುಬದುರು ಕುಳಿತು ಆಡಿದ್ದಕ್ಕೆ ನಾಲ್ಕು ಜನರ ಮುಂದೆ ಒಂದು ಅರ್ಥ ಬರಲಿ ಎಂಬ ಆಸೆ.

ಅದಕ್ಕೆ ಅಡ್ಡ ಬಂದದ್ದು ನಮ್ಮ ಬೀಗತನ. ಮಗಳನ್ನು ಉಗಾರ ಬುದ್ರುಕಕ್ಕೆ ಕೊಟ್ಟಿದ್ದೇವೆ. ಬೀಗರದು ಕಬ್ಬಿನ ಹೊಲಗಳ ದೊಡ್ಡ ಮನೆತನ. ಒಳ್ಳೆಯ ಮನುಷ್ಯ, ಮಾತಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಬ್ರಿಡ್ಜಿನ ಹುಚ್ಚು ನಮಗಿಂತ ಹೆಚ್ಚು. ಮಗಳ ಮದುವೆಗೆ ಮೊದಲು ಇವರೂ ಬೀಗರೂ ಟೇಬಲ್ಲಿನಲ್ಲಿ ಕೋಳಿ ಜಗಳ ಆಡುತ್ತಿದ್ದರು. ಒಬ್ಬರು ಎರಡು ಎಂದರೆ ಇನ್ನೊಬ್ಬರು ಮೂರು. ಸಂಬಂಧ ಕೂಡಿಬಂದದ್ದೇ ಆ ಜಗಳದಿಂದ. ಅಕ್ಷತೆ ಬಿದ್ದ ಮರುವಾರದಿಂದ ನನ್ನ ಗಂಡ ಬೇರೆಯೇ ಮನುಷ್ಯರಾದರು.

ನಮ್ಮಲ್ಲಿ ಹೆಣ್ಣು ಕೊಟ್ಟವರು ಗಂಡಿನ ಕಡೆಯವರ ಮಾತಿನ ಮೇಲೆ ಮಾತಾಡುವುದಿಲ್ಲ. ಮದುವೆ ಉಗಾರದಲ್ಲೇ ಆಗಲಿ ಎಂದರು ಬೀಗರು. ಇವರು "ಆತ್ರಿ" ಎಂದರು. ಊಟಕ್ಕೆ ಹೋಳಿಗೆ ಬೇಡ, ಶ್ರೀಖಂಡ ಇರಲಿ ಎಂದರು. "ಆತ್ರಿ." ಅಲ್ಲಿಯವರೆಗೆ ನಾನೂ ಸುಮ್ಮನಿದ್ದೆ, ಊರಿನ ಪದ್ಧತಿಯೇ ಹಾಗೆ. ಆದರೆ ಆ 'ಆತ್ರಿ' ಇಸ್ಪೀಟಿನ ಟೇಬಲ್ಲಿಗೂ ಬಂದು ಕೂರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎದುರು ಕುಳಿತವರು ಒಂದು ಜೋಡಿ, ಅಕ್ಕಪಕ್ಕದವರು ವೈರಿ ಜೋಡಿ. ಎಲೆ ಇಳಿಸುವ ಮೊದಲು ಹರಾಜಿನ ಹಾಗೆ ಒಂದು ಸುತ್ತು ನಡೆಯುತ್ತದೆ. ಯಾವ ಬಣ್ಣದಲ್ಲಿ ಎಷ್ಟು ಗೆಲ್ಲುತ್ತೇವೆ ಎಂದು ಒಬ್ಬರು ಚೀಟಿ ಇಟ್ಟು ಹೇಳುತ್ತಾರೆ, ಮುಂದಿನವರು ಅದರ ಮೇಲೆ ಏರಿಸಬಹುದು, ಡಬಲ್ ಎಂದು ಸವಾಲು ಹಾಕಬಹುದು, ಇಲ್ಲವೇ ಪಾಸ್ ಹೇಳಿ ಬಿಡಬಹುದು. ವೈರಿ ಮೊದಲು ಬಾಯಿ ತೆರೆದಾಗ ನಮ್ಮ ಕೈಯಲ್ಲಿ ಬಲವಾದ ಎಲೆಗಳಿದ್ದರೆ ಮೇಲೆ ಬೀಳಬೇಕೋ ತಡೆಯಬೇಕೋ ಎಂಬುದೇ ಆಟದ ಜೀವ. ಅದರ ಲೆಕ್ಕಾಚಾರವನ್ನು ನನಗೆ ಕಲಿಸಿದವರೇ ಇವರು. "ಕೈಯಾಗ ಎಲಿ ಇದ್ದಾಗ ಬಾಯಿ ಮುಚ್ಚಿಕೊಂಡು ಕುಂತ್ರ ಅದು ಆಟ ಅಲ್ಲ, ಪೂಜಿ" ಎಂದು ಆಗ ನನಗೆ ಬೈದವರೂ ಇವರೇ.

ಈಗಲೂ ಮೊಬೈಲಿನಲ್ಲಿ ಗುರುತು ಪರಿಚಯ ಇಲ್ಲದವರ ಜೊತೆ ಆಡುವಾಗ ಇವರನ್ನು ನೋಡಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೂ ಮೇಲೆ ಬೀಳುತ್ತಾರೆ. ಕಾರ್ಖಾನೆಯಲ್ಲಿ ಕಬ್ಬು ಕಡಿಯುವ ಸರದಿಗಾಗಿ ರೈತರು ಬಂದು ಎಷ್ಟು ಗದ್ದಲ ಹಾಕಿದರೂ ಜಪ್ಪೆನ್ನುವುದಿಲ್ಲ. ಬಲಗಡೆಯ ಕುರ್ಚಿಯಲ್ಲಿ ಬೀಗರು ಕುಳಿತರೆ ಮಾತ್ರ ಮುಗಿಯಿತು. ಅವರು ಯಾವ ಬಣ್ಣ ಹೇಳಿದರೂ ಇವರದು ಹಸಿರು ಚೀಟಿ.

ಮೊದಲ ಸಲ ಇದನ್ನು ಕಂಡುಹಿಡಿದಾಗ ನಾನು ಮನೆಗೆ ಬರುವ ದಾರಿಯುದ್ದಕ್ಕೂ ಕೂಗಾಡಿದೆ.

"ಅವರು ಹೇಳಿದ ಮ್ಯಾಲೆ ನಾ ಮ್ಯಾಲೆ ಹೇಳೂದು ಸರಿ ಕಾಣೂದಿಲ್ಲ" ಎಂದರು ಇವರು.

"ಯಾರಿಗೆ ಸರಿ ಕಾಣೂದಿಲ್ಲರೀ? ಅದೇನ ಲಗ್ನದ ಮಾತುಕತೀನ? ಆಟ ಐತದು!"

"ಆಟಂತ ನಿನಗ ಅನಸ್ತೈತಿ. ನಾಳೆ ಅವರ ಮನಸಿನ್ಯಾಗ ಏನರೆ ಉಳದ್ರ? ಮಗಳು ಆ ಮನ್ಯಾಗ ಇರಾಕಿ."

ಮಗಳಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯ ಅವ್ವಾ, ಪಪ್ಪಾಗ ಹೇಳು, ಡಬಲ್ ಹೊಡದ್ರ ನನಗಿಲ್ಲಿ ಯಾರೂ ಊಟ ಬಂದ್ ಮಾಡೂದಿಲ್ಲ. ಮಾವಾರ ಕೇಳತಿರ್ತಾರ, ನಿಮ್ಮ ಅಪ್ಪಾರ ತಬ್ಬೇತ್ ಸರಿ ಇಲ್ಲೇನು, ಆಟದಾಗ ಜೀವಾನ ಇಲ್ಲ ಅಂತ." ಇದನ್ನು ಇವರಿಗೆ ಹೇಳಿದರೆ, "ಹಂಗ ಅಂತಾರವರು. ದೊಡ್ಡ ಮನಸು" ಎಂದು ಇನ್ನಷ್ಟು ಕರಗಿಹೋದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಈ ವರ್ಷದ ಆಯ್ಕೆಯ ದಿನ ಮಾತ್ರ ನನಗೆ ಭರವಸೆ ಇತ್ತು. ಮುಂಜಾನೆ ಹೊರಡುವಾಗಲೇ ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡಿದ್ದೆ: ಕೈಯಲ್ಲಿ ಬಲವಿದ್ದರೆ, ಬಲಗಡೆ ಯಾರೇ ಇರಲಿ, ಹೇಳಬೇಕು. "ಆತು, ಹೇಳ್ತೀನಿ" ಎಂದಿದ್ದರು. ಮಧ್ಯಾಹ್ನದವರೆಗೆ ಚೆನ್ನಾಗಿಯೇ ಆಡಿದೆವು. ಚಹಾ, ಖಾರದ ಚುರುಮುರಿಯ ಭಡಂಗ ಬಂದಾಗ ಬೋರ್ಡಿನ ಮೇಲೆ ಬರೆದಿದ್ದ ಅಂಕ ನೋಡಿದೆ. ಬೀಗರು ಮತ್ತು ಅವರ ಜೊತೆಗಾರರಾದ ನಿವೃತ್ತ ಡಾಕ್ಟರು ಮೊದಲು, ನಾವು ಎರಡನೆಯವರು. ಹಾಗೆಯೇ ಉಳಿದರೆ ಸಾಂಗ್ಲಿ. ಕೊನೆಯ ಸುತ್ತಿಗೆ ನಮ್ಮ ಟೇಬಲ್ಲಿಗೆ ಬಂದು ಕುಳಿತವರು ಅದೇ ಬೀಗರು, ಅದೇ ಡಾಕ್ಟರು.

"ನಮಸ್ಕಾರ್ರಿ ಅಕ್ಕೋರ" ಎಂದರು ಬೀಗರು. ಟೀಚರಾದ್ದರಿಂದ ಊರಿಗೆಲ್ಲ ನಾನು ಅಕ್ಕೋರು, ಅವರಿಗೂ ಅಷ್ಟೇ. ಇವರು ಅರ್ಧ ಎದ್ದು ನಿಂತು ಅವರ ಕುರ್ಚಿ ಸರಿಮಾಡಿದರು.

ಎಲೆ ಹಂಚಿಯಾಗಿತ್ತು. ಬೀಗರು ಒಂದು ಬದಾಮ ಹೇಳಿದರು, ಅಂದರೆ ಕೆಂಪು ಹೃದಯದ ಬಣ್ಣ. ಈಗ ಸರದಿ ಇವರದು. ಇವರು ಎಲೆಗಳನ್ನು ನೋಡಿದರು. ಬೀಗರನ್ನು ನೋಡಿದರು. ಮತ್ತೆ ಎಲೆಗಳನ್ನು ನೋಡಿದರು. ಚೀಟಿಗಳ ಪೆಟ್ಟಿಗೆಯಲ್ಲಿ ಡಬಲ್ಲಿನ ಕೆಂಪು ಚೀಟಿಯ ಹತ್ತಿರ ಬೆರಳು ಹೋಯಿತು, ಹಿಂದೆ ಬಂತು. ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಟೇಬಲ್ಲಿನವರು ಆಗಲೇ ಆಟ ಶುರು ಮಾಡಿದ್ದರು. "ಬೋಲಾ, ಬೋಲಾ" ಎಂದು ಡಾಕ್ಟರು ಮರಾಠಿಯಲ್ಲಿ ಅವಸರ ಮಾಡಿದರು. ಆಮೇಲೆ ಇವರು ನಿಧಾನಕ್ಕೆ, ಮದುವೆ ಮನೆಯಲ್ಲಿ ತಾಂಬೂಲ ಕೊಡುವವರ ಹಾಗೆ, ಹಸಿರು ಚೀಟಿಯನ್ನು ತೆಗೆದು ಬೀಗರ ಕಡೆಗೆ ಸರಿಸಿಟ್ಟರು.

ಬರೀ ಪಾಸ್ ಹೇಳಿದ್ದರೆ ಅರ್ಧ ಹಾಳಾಗುತ್ತಿತ್ತು. ಅಷ್ಟು ಹೊತ್ತು ಒದ್ದಾಡಿ ಪಾಸ್ ಹೇಳಿದ್ದರಿಂದ ಪೂರ್ತಿ ಹಾಳಾಯಿತು. ಏಕೆಂದರೆ ಜೊತೆಗಾರ ತಡಮಾಡಿದ್ದನ್ನು ನೋಡಿ ಅವನ ಕೈಯಲ್ಲಿ ಬಲ ಇದೆ ಎಂದು ತಿಳಿದುಕೊಂಡು ನಾವು ಮುಂದೆ ಹೇಳುವಂತಿಲ್ಲ. ಅದು ಮೋಸದ ಲೆಕ್ಕ. ಡಾಕ್ಟರು ಎರಡು ಬದಾಮ ಎಂದು ಏರಿಸಿದರು. ನನ್ನ ಕೈಯಲ್ಲಿ ಇದ್ದದ್ದು ಹೇಳಿಕೊಳ್ಳುವಂಥದ್ದಲ್ಲ: ರಾಣಿಯೊಂದಿಗೆ ನಾಲ್ಕು ಇಸ್ಪೀಕು, ಅಂದರೆ ಸ್ಪೇಡ್ ಎಲೆಗಳು, ಒಂದು ಚೌಕಟದ ರಾಜ, ಒಂದು ಕಿಲವರದ ರಾಣಿ. ಇವರು ಥಟ್ಟನೆ ಪಾಸ್ ಹೇಳಿದ್ದರೆ ಅಂಥ ಕೈಯಲ್ಲಿ ನಾನು ಸುಮ್ಮನಿರುತ್ತಿದ್ದೆ. ಹಾಗಾದರೆ ಈಗಲೂ ಸುಮ್ಮನಿರಬೇಕು. ಇವರ ಕೈಯಲ್ಲಿ ಇಸ್ಪೀಕಿನ ರಾಶಿ ಇದೆ ಎಂದು ನನಗೆ ಅವರ ಹಣೆಯ ಬೆವರಿನಲ್ಲೇ ಕಾಣುತ್ತಿತ್ತು. ಕಂಡದ್ದೇ ನನ್ನ ಬಾಯಿ ಕಟ್ಟಿತು. ಹಲ್ಲು ಕಚ್ಚಿ ಪಾಸ್ ಹೇಳಿದೆ.

ಬೀಗರೂ ಪಾಸ್. ಸರದಿ ಮತ್ತೆ ಇವರಿಗೆ ಬಂತು. ಇನ್ನೊಂದು ಅವಕಾಶ! ದೇವರೇ ಕೈಯಾರೆ ಕೊಟ್ಟಂತೆ. ಈ ಸಲ ಇವರು ತಡಮಾಡಲೇ ಇಲ್ಲ, ಥಟ್ಟನೆ ಹಸಿರು ಚೀಟಿ ಇಟ್ಟರು.

ಬೀಗರು ಎರಡು ಬದಾಮದ ಆಟವನ್ನು ಸುಖವಾಗಿ ಆಡಿ, ಹೇಳಿದಷ್ಟು ಗೆದ್ದುಕೊಂಡರು. ಒಂದೇ ಹಂಚಿಕೆಯ ಎಲೆಗಳು ಎಲ್ಲ ಟೇಬಲ್ಲುಗಳಿಗೂ ಹೋಗುತ್ತವೆ. ಉಳಿದ ಟೇಬಲ್ಲುಗಳಲ್ಲಿ ನಮ್ಮ ಕಡೆ ಕುಳಿತವರು ನಾಲ್ಕು ಇಸ್ಪೀಕು ಹೇಳಿ ಗೆದ್ದು ದೊಡ್ಡ ಅಂಕ ಹೊಡೆದಿದ್ದರು. ನಾವು ಮೂರನೆಯ ಸ್ಥಾನಕ್ಕೆ ಇಳಿದೆವು.

ಆಟ ಮುಗಿದ ಮೇಲೆ ಬೀಗರು ಇವರ ಎಲೆಗಳನ್ನು ತಾವೇ ತಿರುಗಿಸಿ ನೋಡಿದರು. ಇಸ್ಪೀಕಿನ ಎಕ್ಕ, ರಾಜ, ಗುಲಾಮ, ಚೌಕಟದ ಎಕ್ಕ, ರಾಣಿ, ಮೇಲೊಂದು ಕಿಲವರದ ರಾಜ. ಹನ್ನೆರಡು ಪಾಯಿಂಟಿದ್ದರೇ ಬಾಯಿ ತೆರೆಯುವ ಆಟದಲ್ಲಿ ಹದಿನೇಳು ಪಾಯಿಂಟಿನ ಕೈ! ಬೀಗರ ಮುಖ ಕೆಂಪಾಯಿತು.

"ಬೀಗರ, ಏನಿದು? ಇಂಥಾ ಕೈ ಹಿಡಕೊಂಡು ನನ್ನ ಎರಡು ಬದಾಮಕ್ಕ ಬಿಟ್ಟಿರೇನು? ನನ್ನನ್ನ ಸಣ್ಣ ಹುಡುಗ ಅಂತ ತಿಳದೀರೇನ್ರಿ, ಗೆಲ್ಲಸಾಕ?"

"ಇಲ್ರಿ ಬೀಗರ, ನೀವು ಮೊದಲ ಹೇಳಿದ್ರಿ..." ಎಂದರು ಇವರು.

ಬೀಗರು ಎಲೆಗಳನ್ನು ಟೇಬಲ್ಲಿಗೆ ಎಸೆದು ಎದ್ದು ಹೋದರು. ಅಂದರೆ ಯಾರನ್ನು ನೋಯಿಸಬಾರದೆಂದು ನನ್ನ ಸಾಂಗ್ಲಿಯನ್ನು ಬಲಿಕೊಟ್ಟರೋ ಅವರೇ ನೊಂದುಕೊಂಡು ಹೋದರು. ಮನೆಗೆ ಬರುವಾಗ ನನಗೆ ಕೂಗಾಡುವ ಸಿಟ್ಟೂ ಉಳಿದಿರಲಿಲ್ಲ.

ಮುಂದಿನ ರವಿವಾರ ಮುಂಜಾನೆ ಬೀಗರು ನಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಸಿಟ್ಟು ಇಳಿದಿತ್ತು. ಸಾಂಗ್ಲಿಯ ಪಂದ್ಯದ ದಿನವೇ ಡಾಕ್ಟರ ಮೊಮ್ಮಗಳನ್ನು ತೊಟ್ಟಿಲಲ್ಲಿ ಹಾಕುವ ಕಾರ್ಯ ಬಂದಿತ್ತು, ಅವರು ಬರುವಂತಿರಲಿಲ್ಲ. ಬೀಗರು ಚಹಾದ ಬಸಿ ಕೆಳಗಿಟ್ಟು ನೇರ ವಿಷಯಕ್ಕೆ ಬಂದರು. ನನ್ನನ್ನಲ್ಲ, ಇವರನ್ನು ಕೇಳಿದರು.

"ಬೀಗರ, ಅಕ್ಕೋರನ್ನ ನನ್ನ ಜೋಡಿ ಮಾಡಿ ಕಳಸ್ರಿ. ಅವತ್ತು ನೋಡಿದ್ನಿ. ನೀವು ಅಷ್ಟು ಹೊತ್ತು ಒದ್ದಾಡಿದ್ರೂ ಅದರ ಲಾಭ ತಗೊಳ್ಳಲಿಲ್ಲ ಅವರು. ನನಗಂಥಾ ಆಟಗಾರ್ತಿ ಬೇಕ್ರಿ."

ಈಕೆಯೇ ಬೇಕು ಎಂದು ಒಬ್ಬರು ಕಡೆಗೂ ನನ್ನನ್ನು ಕರೆದಿದ್ದರು. ನಾನು ಕುಣಿಯಬೇಕಿತ್ತು. ಆದರೆ ಅಡುಗೆ ಮನೆಯ ಬಾಗಿಲಲ್ಲಿ ನಿಂತವಳು ಬೀಗರನ್ನು ನೋಡಲೇ ಇಲ್ಲ, ಇವರ ಮುಖವನ್ನೇ ನೋಡಿದೆ. 'ಆಕಿ ನನ್ನ ಜೋಡಿರೀ, ಬಿಟ್ಟು ಕೊಡೂದಿಲ್ಲ' ಎಂದುಬಿಡಲಿ. ನಗುತ್ತಲೇ ಹೇಳಲಿ, ತಮಾಷೆಗೆ ಹೇಳಲಿ. ಅಷ್ಟಾಗದಿದ್ದರೆ 'ನೋಡೂಣ್ರಿ' ಎಂದರೂ ಸಾಕಿತ್ತು. ಹಾಗೆ ಅಂದಿದ್ದರೆ ಸಾಂಗ್ಲಿ ಬೇಡವೇ ಬೇಡ ಎಂದು ನಾನು ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ.

"ಆತ್ರಿ" ಎಂದರು ಇವರು. "ನೀವು ಹೇಳಿದ ಮ್ಯಾಲೆ ಮುಗೀತಲ್ರಿ. ಕರಕೊಂಡು ಹೋಗ್ರಿ."

ಮಗಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಬೀಗರು ಖುಷಿಯಿಂದ ಇನ್ನೊಂದು ಕಪ್ಪು ಚಹಾ ಕೇಳಿದರು. ಕೊಟ್ಟೆ.

ಅವರು ಹೋದ ಮೇಲೆ ನಾನು ಇವರ ಎದುರು ಬಂದು ಕುಳಿತೆ. "ಆಕಿ ನನ್ನ ಜೋಡಿ ಅಂತ ಒಂದು ಮಾತು ಬರಲಿಲ್ಲೇನ್ರಿ ಬಾಯಾಗ?" ಎಂದು ಕೇಳಿದೆ.

"ಬಂದಿತ್ತು" ಎಂದರು. ಸುಳ್ಳಲ್ಲ ಎಂದು ನನಗೆ ಗೊತ್ತಾಯಿತು, ಅದರಿಂದ ಇನ್ನೂ ಉರಿಯಿತು. "ಬೀಗರ ಮುಂದ ಹೆಂಗ ಹೇಳೂದು?"

"ಈಗ ಬೀಗರಿಲ್ಲ. ಈಗ ಹೇಳ್ರಿ. ಫೋನ್ ಮಾಡಿ ನಾ ಬರೂದಿಲ್ಲಂತ ಹೇಳ್ತೀನಿ."

ಇವರು ಬಾಗಿಲ ಕಡೆ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಈಗ ಮಾತು ಕೊಟ್ಟಾಗೈತಲ್ಲ" ಎಂದರು.

ನಾನು ಸಾಂಗ್ಲಿಗೆ ಹೋದೆ. ಕಾಗವಾಡದ ದಾರಿಯಲ್ಲಿ ಬೀಗರ ಕಾರಿನಲ್ಲಿ ಮುಂದಿನ ಸೀಟಿನಲ್ಲೇ ಕುಳಿತು ಹೋದೆ. ಕೈಯಲ್ಲಿ ಎಲೆ ಇದ್ದಾಗಲೆಲ್ಲ, ಎದುರಾಳಿ ಯಾರು ಎಂದು ನೋಡದೆ ಮೇಲೆ ಬಿದ್ದು ಹೇಳಿದೆ. ಒಮ್ಮೆ ಬೀಗರೇ ಸಾಕು ಎಂದು ಪಾಸ್ ಹೇಳಿ ಬಿಟ್ಟ ಮೇಲೂ ಏರಿಸಿದೆ. ಸಂಜೆ ತಿರುಗಿ ಬಂದಾಗ ಇವರು ಗೇಟಿನಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಚಪ್ಪಲಿ ಕೂಡ ಹಾಕಿಕೊಂಡಿರಲಿಲ್ಲ.

"ಹೆಂಗಾತು? ಗೆದ್ದಿರೇನು?" ಎಂದು ಕೇಳಿದರು.

"ಬೀಗರನ್ನ ಕೇಳ್ರಿ" ಎಂದು ಹೇಳಿ ನಾನು ಒಳಗೆ ಹೋದೆ.