ಹೋಗ್ತೀನಿ ಅನ್ನುತ್ತಿದ್ದವಳು

ಬೆಳಗೋಡಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವಳು, ಬಿಚ್ಚುವಳು, ಮತ್ತೆ ಸುತ್ತುವಳು. ಏನನ್ನೋ ಮುಚ್ಚಿಡುತ್ತಾಳೆಂದು ನನಗೆ ಮೊದಲಿನಿಂದಲೂ ಅನುಮಾನ. ಕಾಫಿ ಕುಡಿದು ಏಳುವಾಗ ಎಲ್ಲರಂತೆ "ಹೋಗ್ಬತ್ತೀನಿ" ಎನ್ನದೆ "ಹೋಗ್ತೀನಿ" ಎಂದು ನಡೆದುಬಿಡುತ್ತಿದ್ದಳು.

"ಹಂಗನ್ಬಾರ್ದು ಕಣೇ, ಅಪಶಕುನ!" ಎಂದು ನಮ್ಮತ್ತೆ ಗದರಿದರೆ ಯಾವಾಗಲೂ ಒಂದೇ ಉತ್ತರ: "ಬರೋದು ಗ್ಯಾರಂಟಿ ಇಲ್ದೆ ಬತ್ತೀನಿ ಅಂತ ಹೆಂಗೆ ಹೇಳ್ಲಮ್ಮ?"

ಅವಳನ್ನು ಬಿಟ್ಟುಹೋಗಿದ್ದ ಗಂಡ, ಅವಳ ಹತ್ತಿರವಿದ್ದ ಪುಟ್ಟ ಮಗಳು ತನಗೇ ಬೇಕೆಂದು ಕೇಸು ಹಾಕಿದ. ಕೋರ್ಟಿನಲ್ಲೂ ಅವಳ ಕಣ್ಣು ನೆಲದ ಮೇಲೆಯೇ.

"ಮುಖ ನೋಡಿ ಮಾತಾಡೋಕೇ ಬರದವರು ಮಗು ಹೇಗೆ ಸಾಕ್ತಾರೆ ಸ್ವಾಮಿ?" ಎಂದ ಗಂಡನ ವಕೀಲ.

ಮಗುವನ್ನು ಸದ್ಯಕ್ಕೆ ಅಪ್ಪನ ಜೊತೆ ಕಳಿಸಿದರು. ಅವಳಿಗೆ ಜೊತೆಯಾಗಿ ಕೋರ್ಟಿಗೆ ಹೋಗಿದ್ದ ನಾನು ಅವಳ ಕಣ್ಣಲ್ಲಿ ನೀರು ಹುಡುಕಿದೆ. ಒಂದು ಹನಿಯೂ ಇರಲಿಲ್ಲ. ಹೆತ್ತವಳಾ ಇವಳು ಅನ್ನಿಸಿತು.

ಹೊರಗೆ ಅಪ್ಪನ ಜೀಪಿನಲ್ಲಿ ಮಗು ಕಿರುಚಿ ಅಳುತ್ತಿತ್ತು. ಇವಳು ಹತ್ತಿರ ಹೋಗಿ, ಸೆರಗು ಸುತ್ತುತ್ತ, ನೆಲ ನೋಡುತ್ತಲೇ ಅಂದಳು:

"ಹೋಗ್ಬತ್ತೀನಿ ಕಣವ್ವ."

ಮಗು ಅಳು ನಿಲ್ಲಿಸಿ ತಲೆಯಾಡಿಸಿತು.