ಪೀಪಾಯಿಯೊಳಗಿನ ತಾಯಿ

ವಿರೂಪಮ್ಮ ಹಚ್ಚೊಳ್ಳಿಯಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗಲೇ ಅವಳ ನಾಲಿಗೆಯ ಸುದ್ದಿ ಓಣಿಗೆಲ್ಲ ಗೊತ್ತಿತ್ತು. ಕಣ್ಣು ಮುಚ್ಚಿಸಿ ಒಂದು ಗುಟುಕು ನೀರು ಕೊಟ್ಟರೆ ಇದು ಕಾಲುವೆಯದು, ಇದು ಗೌಡರ ಬಾವಿಯದು, ಇದು ನಿನ್ನೆ ತುಂಬಿಟ್ಟದ್ದು ಎಂದು ಬಿಡಿಸಿ ಹೇಳುತ್ತಿದ್ದಳು. ಮಜ್ಜಿಗೆ ಕುಡಿದು, ಹೆಪ್ಪು ಯಾರ ಮನೆಯಿಂದ ತಂದಿರಿ ಎಂದು ಕೇಳುತ್ತಿದ್ದಳು. ಕುರುಗೋಡಿನ ಜಂಬಮ್ಮ ತನ್ನ ಮಗ ಎರ್ರಣ್ಣನಿಗೆ ಹೆಣ್ಣು ನೋಡಲು ಬಂದಾಗ ಬಣ್ಣ ನೋಡಲಿಲ್ಲ, ನಡಿಗೆ ನೋಡಲಿಲ್ಲ. ಸೆರಗಿನ ಗಂಟಿನಿಂದ ಸಣ್ಣ ಸೀಸೆಯೊಂದನ್ನು ತೆಗೆದು, ಹುಡುಗಿಯ ಅಂಗೈಗೆ ನಾಲ್ಕು ಹನಿ ಹಾಕಿ, ನೆಕ್ಕು ಅಂದಳು.

ಹುಡುಗಿ ನೆಕ್ಕಿದಳು. ಜೋಳ ಐತಿ, ಹಳೇ ಕಟ್ಟಿಗಿ ಐತಿ, ಟಾಂಗಾ ಕುದುರೆಯ ಬೆನ್ನಿನ ಮೇಲಿನ ಒದ್ದೆ ಕಂಬಳಿಯಂಥದ್ದು ಏನೋ ಐತಿ ಎಂದಳು. ಆಮೇಲೆ ಅಂಜಿಕೊಂಡೇ, ಯಾರೋ ಒಬ್ಬಾಕಿ ಹೆಣ್ಣುಮಗಳೂ ಅದಾಳ ಎಂದು ಸೇರಿಸಿದಳು. ಜಂಬಮ್ಮ ಅಲ್ಲೇ ಎಲೆ ಅಡಿಕೆ ಬದಲಾಯಿಸಿ ಎದ್ದಳು.

ಆ ಹನಿ ಬಂದದ್ದು ಜಂಬಮ್ಮನ ಮನೆಯ ಪೀಪಾಯಿಯಿಂದ. ಅವಳ ಗಂಡ ಬಳ್ಳಾರಿಯ ದಂಡಿನಲ್ಲಿ ಸೋಲ್ಜರುಗಳು ಕುಡಿಯುವ ಬೀರಿನ ಪೀಪಾಯಿಗಳನ್ನು ಉರುಳಿಸುವ ಕೆಲಸಕ್ಕಿದ್ದ. ಒಂದು ಪಲ್ಟನ್ನು ಊರು ಬಿಟ್ಟಾಗ ಖಾಲಿ ಬಿದ್ದಿದ್ದ ಪೀಪಾಯಿಯೊಂದನ್ನು ಬಂಡಿಯ ಮೇಲೆ ಹೇರಿಕೊಂಡು ಕುರುಗೋಡಿಗೆ ತಂದಿದ್ದ. ಅವರ ಮನೆಯ ಹಿಂದಿನ ಕೋಣೆಗೆ ಗೋಡೆಯಿಲ್ಲ, ಗುಡ್ಡದ ಬಂಡೆಯೇ ಗೋಡೆ. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಪೀಪಾಯಿ ಅಲ್ಲಿ ಕೂತಿತು.

ಅದರೊಳಗೆ ಬೀಳುತ್ತಿದ್ದದ್ದು ಮೊಳಕೆ ಕಟ್ಟಿದ ಬಿಳಿಜೋಳದ ಗಂಜಿ. ಮೊಳಕೆಯನ್ನು ಒಣಗಿಸಿ, ಬೀಸಿ, ಕುದಿಸಿ, ಆರಿಸಿ ಎಳ್ಳಮಾವಾಸ್ಯೆಯ ದಿನ ತುಂಬಿದರೆ ಮತ್ತೆ ಬಾಯಿ ತೆರೆಯುವುದು ಮುಂದಿನ ಎಳ್ಳಮಾವಾಸ್ಯೆಗೆ. ವರ್ಷವೆಲ್ಲ ಅದು ಕತ್ತಲಲ್ಲಿ ಹುಳಿಯುತ್ತಾ ಇರುತ್ತಿತ್ತು. ತೆಗೆಯುವಾಗ ಪೂರ್ತಿ ತೆಗೆಯುವ ಹಾಗಿಲ್ಲ. ತಳದಲ್ಲಿ ಒಂದು ಗೇಣು ಬಿಡಬೇಕು. ಹಾಗೆ ಬಿಟ್ಟದ್ದಕ್ಕೆ ಅವರು ತಾಯಿ ಅನ್ನುತ್ತಿದ್ದರು. ಪೀಪಾಯಿ ದಂಡಿನದಾದರೂ ತಾಯಿ ಹಳೆಯದು, ಜಂಬಮ್ಮನ ಅತ್ತೆಯ ಅತ್ತೆಯ ಗಡಿಗೆಯಿಂದ ಬಂದದ್ದು.

ತೆರೆಯುವ ದಿನ ಮನೆಯ ಹೆಂಗಸು ಬೆಳಗಿನಿಂದ ಉಪ್ಪು ಮುಟ್ಟದೆ ಇದ್ದು, ನಡುಮಧ್ಯಾಹ್ನ ಒಬ್ಬಳೇ ಒಳಗೆ ಹೋಗಿ ಒಂದು ಬಾಯಿ ತುಂಬಿಕೊಳ್ಳಬೇಕು. ಗಂಡಸು ಹೊಸ್ತಿಲ ಆಚೆ ನಿಂತು, ತಾಯಿ ಅದಾಳೇನು ಎಂದು ಕೇಳಬೇಕು. ಅವಳು ಬಾಯೊಳಗಿನದನ್ನು ನುಂಗದೆ ಪೀಪಾಯಿಗೇ ತಿರುಗಿ ಉಗಿದು, ಅದಾಳ ಎನ್ನಬೇಕು. ಆಮೇಲೆ ಉಳಿದವರಿಗೆ ಲೋಟ. ಎಂಜಲು ಎಂದು ಮದುವೆಯಾದ ಹೊಸದರಲ್ಲಿ ವಿರೂಪಮ್ಮ ಮುಖ ಸಿಂಡರಿಸಿದ್ದಳು.

“ತಾಯಿಗೆ ಎಂಜಲ ಎಲ್ಲಿ ಬಂತು? ಆಕಿ ಹೊಟ್ಟಿಯೊಳಗ ನಮ್ಮ ಮನಿ ಹೆಂಗಸರ ಬಾಯಿ ಎಲ್ಲಾ ಐತಿ, ಹಚ್ಚೊಳ್ಳಿಯಾಕಿ” ಎಂದು ಜಂಬಮ್ಮ ಅಂದಿದ್ದಳು. ಅವಳು ಸೊಸೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹನ್ನೆರಡು ವರ್ಷ ಹಚ್ಚೊಳ್ಳಿಯಾಕಿ, ಅಷ್ಟೆ. ಉಂಡೆಯಾ ಎಂದು ಒಂದು ದಿನ ಕೇಳಿದವಳೂ ಅಲ್ಲ.

ಯುದ್ಧ ನಡೆದಿದ್ದ ಕಾಲದಲ್ಲಿ, ರೇಷನ್ನಿನ ಜೋಳಕ್ಕೆ ಸಾಲು ನಿಲ್ಲುತ್ತಿದ್ದ ವರ್ಷ, ಜಂಬಮ್ಮ ಹಾಸಿಗೆ ಹಿಡಿದಳು. ಕೊನೆಯ ದಿನ ನೀರು ಕೊಟ್ಟರೆ ತಲೆ ತಿರುಗಿಸಿದಳು. ಪೀಪಾಯಿಯ ಕಡೆ ಕೈ ಮಾಡಿದಳು. ವಿರೂಪಮ್ಮ ಸೌಟಿನಲ್ಲಿ ತಂದು ಬಾಯಿಗೆ ಹಾಕಿದಳು. ಮುದುಕಿ ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಹೊರಗೆ ಬಿಸಿಲು ಹಾಗೇ ನಿಂತಿತ್ತು, ಒಂದು ಕಾಗೆಯ ಸದ್ದಿಲ್ಲ. ಆಮೇಲೆ ಅದೇ ಸೌಟಿಗೆ ತಿರುಗಿ ಉಗಿದು, ಒಯ್ದು ಹಾಕು ಎಂದು ಕಣ್ಣಲ್ಲೇ ಹೇಳಿದಳು.

“ಆಕಿನ್ನ ಒಣಗಿಸಬ್ಯಾಡ. ಮಾತು ಕೊಡು.”

ವಿರೂಪಮ್ಮ ಮಾತು ಕೊಟ್ಟಳು. ಸೌಟನ್ನು ಪೀಪಾಯಿಗೆ ಬಗ್ಗಿಸಿ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಉಸಿರಿರಲಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ವಿರೂಪಮ್ಮ ಮೊದಲ ಸಲ ತಾನೇ ಒಳಗೆ ಹೋದಳು. ಬಾಯಿ ತುಂಬಿಕೊಂಡ ಕೂಡಲೇ ಹುಣಸೆ ಚಿಗುರಿನ ಹುಳಿ, ಕಟ್ಟಿಗೆಯ ಒಗರು, ಅದರ ಹಿಂದೆ ಸುಣ್ಣ ಹಚ್ಚಿದ ಹೊಗೆಸೊಪ್ಪು. ಮನೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದವಳು ಜಂಬಮ್ಮ ಒಬ್ಬಳೇ. ಅದಾಳ ಎಂದು ಹೇಳಿ ಹೊರಗೆ ಬಂದಳು. ಎಲ್ಲರೂ ಕುಡಿದರು, ಈ ಸಲ ಹುಳಿ ಚಲೋ ಕೂತೈತಿ ಎಂದರು. ಹೊಗೆಸೊಪ್ಪಿನ ಮಾತು ಯಾರೂ ಎತ್ತಲಿಲ್ಲ.

ಮರುವರ್ಷ ಇನ್ನೊಂದು ಆಯಿತು. ಬಾಯಲ್ಲಿ ಇಟ್ಟುಕೊಂಡಿದ್ದಾಗ ಅವಳ ನಾಲಿಗೆ ತಾನೇ ಎಡಗಡೆ ಮೇಲಿನ ಸಾಲಿಗೆ ಹೋಗಿ ಒಂದು ಸಂದಿನಲ್ಲಿ ಆಡತೊಡಗಿತು. ಅಲ್ಲಿ ಹಲ್ಲಿರಲಿಲ್ಲ. ಉಗಿದ ಮೇಲೆ ಬೆರಳು ಹಾಕಿ ನೋಡಿಕೊಂಡಳು. ಹಲ್ಲು ಇತ್ತು, ಗಟ್ಟಿಯಾಗಿಯೇ ಇತ್ತು. ಎಡಗಡೆಯ ಹಲ್ಲು ಬಿದ್ದುಹೋಗಿದ್ದದ್ದು ಅತ್ತೆಗೆ. ಗಂಡನಿಗೆ ಹೇಳೋಣವೆಂದುಕೊಂಡಳು, ಅವನು ಲೋಟ ಹಿಡಿದು ನಗುತ್ತಾ ನಿಂತಿದ್ದ. ಹೇಳಲಿಲ್ಲ.

ಯುದ್ಧ ಮುಗಿದ ಮೇಲೆ ಮದರಾಸು ಸರ್ಕಾರದ ಪಾನನಿಷೇಧದ ಕಾನೂನು ಬಳ್ಳಾರಿಯ ಕಡೆಗೂ ಬಂತು. ಈಚಲ ಮರದ ಗಡಿಗೆಗಳು ಇಳಿದವು, ಸೇಂದಿ ಅಂಗಡಿಗಳಿಗೆ ಬೀಗ ಬಿತ್ತು. ಇದು ಮನೆಯ ಮಟ್ಟಿಗಿನದು, ಯಾರು ಕೇಳುತ್ತಾರೆ ಎಂದು ಎರ್ರಣ್ಣ ಸುಮ್ಮನಿದ್ದ. ಎಳ್ಳಮಾವಾಸ್ಯೆಗೆ ಇನ್ನು ನಾಲ್ಕು ದಿನ ಇರುವಾಗ, ಊಟದ ಹೊತ್ತಿಗೆ, ಜಮೇದಾರ ಬಂದ. ಅವನು ಅನಂತಪುರದ ಕಡೆಯ ತೆಲುಗಿನವನು. ಜೊತೆಗೆ ಬಂದ ಪೊಲೀಸಿನವನು ಹಂಪಯ್ಯ, ಅದೇ ಓಣಿಯವನು. ಪ್ರತಿ ವರ್ಷ ಇದೇ ಮನೆಯಲ್ಲಿ ಲೋಟ ಹಿಡಿದವನು, ಜಂಬಮ್ಮನ ಹೆಣಕ್ಕೆ ಹೆಗಲು ಕೊಟ್ಟವನು. ಅವನು ತಲೆ ಬಗ್ಗಿಸಿಕೊಂಡೇ ಒಳಗೆ ಬಂದ.

ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಜಮೇದಾರ, ಒಳಗೆ ಯಾರಿದ್ದಾರೆ ಎಂದು ಕೇಳಿದ. ವಿರೂಪಮ್ಮ ಅಭ್ಯಾಸಬಲದಿಂದ, ತಾಯಿ ಅದಾಳ್ರಿ ಅಂದುಬಿಟ್ಟಳು. ಮನೆಯಲ್ಲಿ ಮುದುಕಿ ಇದ್ದಾಳೆ ಎಂದುಕೊಂಡು ಅವನು, ಹೊರಗೆ ಕರೆಯಿರಿ, ಮುದುಕಿಯರ ಮೈ ಮುಟ್ಟುವವನಲ್ಲ ನಾನು ಎಂದ. ಒಳಗಿನಿಂದ ಗುಳುಕ್ ಎಂದು, ಯಾರೋ ನೀರು ನುಂಗಿದ ಹಾಗೆ ಸದ್ದಾಯಿತು. ಹಂಪಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಆ ಮುದುಕಿ ಸತ್ತು ಮೂರು ವರ್ಷವಾಯಿತು ಸಾಹೇಬ್ರ ಎಂದು ಮೆಲ್ಲಗೆ ಹೇಳಿದ. ಜಮೇದಾರ ಅವನನ್ನೇ ಒಮ್ಮೆ ನೋಡಿ, ಒಳಗೆ ಹೋಗಿ, ಪೀಪಾಯಿಯನ್ನು ಬೂಟಿನಿಂದ ತಟ್ಟಿದ.

“ಇದು ಶರಾಬೋ, ಬರೇ ಹುಳಿಯೋ? ಒಂದೇ ಮಾತು ಚೆಪ್ಪಮ್ಮಾ.”

ರುಚಿ ನೋಡಿ ಹೇಳುತ್ತೇನೆ ಎಂದು ವಿರೂಪಮ್ಮ ಬಿರಡೆ ತೆಗೆದಳು. ಸೌಟಿನಿಂದ ಬಾಯಿ ತುಂಬಿಕೊಂಡಳು. ತುಟಿ ಬಿಗಿದು ಗೋಡೆಗೆ ಒರಗಿ ನಿಂತಳು. ಜಮೇದಾರ ಕಾದ. ಎರಡು ಸಲ ಕೇಳಿದ. ಅವಳು ಅವನನ್ನೇ ನೋಡುತ್ತಾ ನಿಂತಿದ್ದಳು, ಕೆನ್ನೆ ಉಬ್ಬಿತ್ತು. ಹಂಪಯ್ಯನಿಗೆ ಅರ್ಥವಾಯಿತು.

“ಆಕಿ ಮೂಗಿ ಅದಾಳ್ರಿ, ಸಾಹೇಬ್ರ” ಎಂದ.

“ಈಗ ಮಾತಾಡಿದಳಲ್ಲೋ?”

“ಈಗ ಆದಳ್ರಿ.”

ಜಮೇದಾರನಿಗೆ ನಗು ಬಂತೋ ಸಿಟ್ಟು ಬಂತೋ, ಕೊಡಲಿ ಎತ್ತು ಅಂದ. ಹಂಪಯ್ಯ ಕಣ್ಣು ಮುಚ್ಚಿಕೊಂಡು ಕೊಡಲಿ ಬೀಸಿದ. ಹಲಗೆಗಳು ಬಿಚ್ಚಿಕೊಂಡವು. ವರ್ಷದ ಹುಳಿ, ತಳದ ಗೇಣು ತಾಯಿ, ಎಲ್ಲ ಬಂಡೆಯ ಸಂದಿಗೆ ಹರಿದುಹೋಯಿತು. ವಾಸನೆ ಹತ್ತಿದೆ ಎಂದು ಅಡುಗೆಮನೆಯ ಗಡಿಗೆಗಳನ್ನೂ ಒಡೆಸಿದರು. ಎರ್ರಣ್ಣನನ್ನು ಬಳ್ಳಾರಿಗೆ ಕರೆದುಕೊಂಡು ಹೋದರು. ಅವನು ತಿರುಗಿ ತಿರುಗಿ ಹೆಂಡತಿಯನ್ನು ನೋಡಿದ. ಹೋಗಿ ಬಾ ಎನ್ನಲೂ ಅವಳಿಗೆ ಬಾಯಿ ಇರಲಿಲ್ಲ.

ಈಗ ಲೋಕದಲ್ಲಿ ತಾಯಿ ಇದ್ದದ್ದು ಅವಳ ಬಾಯಲ್ಲಿ ಮಾತ್ರ. ಒಂದು ಗಡಿಗೆ, ಒಂದಿಷ್ಟು ಗಂಜಿ ಸಿಕ್ಕಿದ್ದರೆ ಸಾಕಿತ್ತು. ಓಣಿಯ ಬಾಗಿಲುಗಳೆಲ್ಲ ಪೊಲೀಸರ ಅಂಜಿಕೆಗೆ ಮುಚ್ಚಿಕೊಂಡಿದ್ದವು. ತಟ್ಟಿದರೆ ಯಾರು ಎಂದು ಕೇಳುತ್ತಾರೆ, ನಾನು ಎನ್ನುವುದಕ್ಕಾಗುವುದಿಲ್ಲ. ಅಕ್ಕ ಸುಂಕಲಮ್ಮನನ್ನು ಸಿರುಗುಪ್ಪದ ದಾರಿಯ ಮೇಲಿನ ಒಂದು ಹಳ್ಳಿಗೆ ಕೊಟ್ಟಿತ್ತು, ಎರಡು ಹರದಾರಿ ದೂರ. ವಿರೂಪಮ್ಮ ಸೆರಗು ಹೊದ್ದುಕೊಂಡು ನಡೆದಳು.

ಬಿಸಿಲು ನೆತ್ತಿಯ ಮೇಲಿತ್ತು. ಎರಡೂ ಕಡೆ ಕರಿ ಎರೆ ಹೊಲ, ಎದೆಮಟ್ಟ ನಿಂತ ಜೋಳ, ಗಾಳಿ ಇಲ್ಲದಿದ್ದರೂ ಅಲ್ಲಲ್ಲಿ ಒಂದೊಂದು ದಂಟು ಮಾತ್ರ ಅಲ್ಲಾಡುತ್ತಿತ್ತು. ಬಾಯಲ್ಲಿ ಜೊಲ್ಲು ತುಂಬಿ ತುಂಬಿ ಬರುತ್ತಿತ್ತು. ನುಂಗುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ಅರ್ಧ ಹರದಾರಿ ಹೋಗುವಷ್ಟರಲ್ಲಿ ಹೊಗೆಸೊಪ್ಪಿನ ಖಾರ ಏರಿತು. ಒಂದು ಹರದಾರಿಗೆ ನಾಲಿಗೆ ಮತ್ತೆ ಆ ಇಲ್ಲದ ಹಲ್ಲಿನ ಸಂದಿಗೆ ಹೋಯಿತು. ಆಮೇಲೆ ಅವಳ ದವಡೆ ತಾನಾಗಿಯೇ ಮೆಲ್ಲಗೆ ಆಡತೊಡಗಿತು, ಮುದುಕಿಯರು ಎಲೆ ಮೆಲ್ಲುವ ಹಾಗೆ. ಅವಳು ಎರಡೂ ಕೈಯಿಂದ ಗದ್ದ ಹಿಡಿದುಕೊಂಡು ನಡೆದಳು.

ಎದುರಿನಿಂದ ಒಂದು ಬಂಡಿ ಬಂತು. ಹೊಡೆಯುತ್ತಿದ್ದ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಎತ್ತು ನಿಲ್ಲಿಸಿದ.

“ಎತ್ತಾಗ ಹೊಂಟೀರಿ ಜಂಬಮ್ಮಾ, ಈ ಬಿಸಲಾಗ?”

ಅವಳು ಬೆಚ್ಚಿ ನಿಂತಳು. ಗಂಟಲು ಬಿಚ್ಚಿಕೊಂಡು ಒಂದು ಹನಿ ಒಳಗೆ ಇಳಿಯಿತು. ತಣ್ಣಗೆ ಇಳಿದದ್ದು ಹೊಟ್ಟೆಯವರೆಗೂ ಗೊತ್ತಾಯಿತು. ಇಷ್ಟು ವರ್ಷ ರುಚಿ ನೋಡಿದ ಹೆಂಗಸರಲ್ಲಿ ಯಾರೂ ತಮ್ಮ ಬಾಯೊಳಗಿನದನ್ನು ನುಂಗಿದವರಲ್ಲ. ಬಂಡಿ ಮುಂದೆ ಹೋಯಿತು. ಆ ಮುದುಕ ಜಂಬಮ್ಮನ ಸಾವಿನ ಸುದ್ದಿ ಕೇಳಿರಲಿಲ್ಲವೇನೋ, ಕಣ್ಣು ಮಂಜಾಗಿತ್ತೇನೋ. ವಿರೂಪಮ್ಮ ಹಾಗೆಂದೇ ತನಗೆ ತಾನು ಹೇಳಿಕೊಂಡಳು.

ಸುಂಕಲಮ್ಮ ತಂಗಿಯ ಕೈಸನ್ನೆ ನೋಡಿದ ಕೂಡಲೇ ಆರಿದ ಗಂಜಿಯ ಗಡಿಗೆ ತಂದು ಮುಂದಿಟ್ಟಳು. ವಿರೂಪಮ್ಮ ಬಾಯೊಳಗಿನದನ್ನೆಲ್ಲ ಅದಕ್ಕೆ ಬಿಟ್ಟಳು. ಹಲ್ಲಿನ ಸಂದಿಯದನ್ನೂ ನಾಲಿಗೆಯಿಂದ ತೆಗೆದು ಬಿಟ್ಟಳು. ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಗಡಿಗೆಯನ್ನು ನೆಲದಡಿಯ ಹಗೇವಿನೊಳಗೆ, ಜೋಳದ ನಡುವೆ ಇಳಿಸಿದರು. ಬೇಸಿಗೆಯಲ್ಲಿ ಹಗೇವು ತೆರೆಯುವಾಗ ಅದನ್ನು ಹುಲ್ಲಿನ ಬಂಡಿಯಲ್ಲಿ ಕುರುಗೋಡಿಗೆ ತಂದು ಬಂಡೆಯ ಬುಡದಲ್ಲಿಟ್ಟರು. ಅಷ್ಟರಲ್ಲಿ ಎರ್ರಣ್ಣನೂ ಬಳ್ಳಾರಿ ಜೈಲಿನಿಂದ ಬಂದಿದ್ದ.

ಆ ವರ್ಷವೆಲ್ಲ ವಿರೂಪಮ್ಮ ಮಾತು ಕಡಿಮೆ ಮಾಡಿದಳು. ಊಟವೂ ಕಡಿಮೆಯಾಯಿತು. ನೀರಿನ ರುಚಿ ಬಿಡಿಸಿ ಹೇಳುವುದೂ ನಿಂತಿತು, ಎಲ್ಲ ನೀರೂ ಹುಳಿ ಎನ್ನುತ್ತಿದ್ದಳು. ಪೀಪಾಯಿ ಒಡೆದದ್ದರ ದುಃಖವೆಂದು ಎರ್ರಣ್ಣ ಅಂದುಕೊಂಡ. ಹೊಲಕ್ಕೆ ಹೋಗುವಾಗ ಒಮ್ಮೊಮ್ಮೆ ಹಿಂದಿನಿಂದ, ಲೇ ಎರ್ರಾ ಎಂದು ಕರೆದ ಹಾಗಾಗಿ ಅವನು ತಿರುಗಿ ನೋಡುತ್ತಿದ್ದ. ಹೆಂಡತಿ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು.

ಎಳ್ಳಮಾವಾಸ್ಯೆ ಬಂತು. ಈ ಸಲ ಯಾರನ್ನೂ ಕರೆಯಲಿಲ್ಲ. ನಡುಮಧ್ಯಾಹ್ನ ವಿರೂಪಮ್ಮ ಉಪ್ಪು ಮುಟ್ಟದ ಬಾಯಲ್ಲಿ ಒಳಗೆ ಹೋದಳು. ಗಡಿಗೆಯ ಬಟ್ಟೆ ಬಿಚ್ಚಿದ ಸದ್ದು ಕೇಳಿತು. ತಾಯಿ ಉಳಿದಿದ್ದಾಳೋ, ಎರಡು ಹರದಾರಿಯ ಬಿಸಿಲಲ್ಲಿ ಸತ್ತಳೋ ಎಂದು ಎರ್ರಣ್ಣನಿಗೆ ಗೊತ್ತಿರಲಿಲ್ಲ. ಹೊಸ್ತಿಲ ಆಚೆ ನಿಂತು ಕೇಳಿದ.

“ತಾಯಿ ಅದಾಳೇನು?”

ಒಳಗೆ ಉಗಿದ ಸದ್ದಾಯಿತು. ಆಮೇಲೆ, ಹೊಗೆಸೊಪ್ಪು ಹಾಕಿದ ದಪ್ಪ ದನಿಯಲ್ಲಿ, ನಿಧಾನವಾಗಿ ಮಾತು ಬಂತು.

“ಅದೀನಿ, ಎರ್ರಾ. ಹಚ್ಚೊಳ್ಳಿಯಾಕಿಗೆ ಉಣ್ಣಾಕ ಹಾಕು. ಆಕಿ ಹಸದಾಳ.”

ಎರ್ರಣ್ಣ ಹೊಸ್ತಿಲು ದಾಟಲಿಲ್ಲ. ಅಡುಗೆಮನೆಗೆ ಹೋದ. ತಾಟಿಗೆ ಎರಡು ರೊಟ್ಟಿ ಹಾಕಿ, ಪಲ್ಯ ಹಾಕಿ, ಒಂದು ಕಡೆ ಉಪ್ಪು ಇಟ್ಟ. ತಂದು ಬಾಗಿಲ ಬಳಿ ಇಟ್ಟು, ಒಳಗಿನಿಂದ ಯಾವ ಕೈ ಬರುತ್ತದೋ ನೋಡುತ್ತಾ ಕೂತ.